ಕೊಲೋನ್‌ನ ಅಣು ರೋಹಿತ ಪಟ್ಟಿ: ರಾಯಚೂರಿನ ತರಗತಿಯಲ್ಲಿ ಬಳಸಿದ ಅನುಭವ

ರಾಯಚೂರಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯವು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುವ ಅಣು ರೋಹಿತ ಪಟ್ಟಿಯನ್ನು, ಅಂದರೆ ಸಿಡಿಎಂಎಸ್ ಅನ್ನು, ಎರಡು ವರ್ಷಗಳಿಂದ ಅಂತಿಮ ಬಿ.ಎಸ್ಸಿ. ತರಗತಿಯಲ್ಲಿ ಬಳಸುತ್ತಿದ್ದೇನೆ. ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ಯಾವ ಅಣುಗಳಿವೆ ಎಂದು ರೇಡಿಯೊ ದೂರದರ್ಶಕಗಳ ನೆರವಿನಿಂದ ಗುರುತಿಸುವವರು ಆಶ್ರಯಿಸುವ ಪಟ್ಟಿ ಇದು; ಪ್ರತಿ ಅಣು ಯಾವ ಯಾವ ಆವರ್ತನಗಳಲ್ಲಿ ಅಲೆಗಳನ್ನು ಹೊರಸೂಸುತ್ತದೆ ಅಥವಾ ಹೀರುತ್ತದೆ ಎಂಬುದನ್ನು, ಅಂದರೆ ಅದರ ರೋಹಿತ ರೇಖೆಗಳನ್ನು, ಇದರಲ್ಲಿ ಕೊಟ್ಟಿರುತ್ತಾರೆ. ನೋಂದಣಿಯ ಅಗತ್ಯವಿಲ್ಲ. ಪುಟಗಳಲ್ಲಿ ಬಹುತೇಕ ಅಕ್ಷರ, ಅಂಕಿಗಳಷ್ಟೇ ಇರುವುದರಿಂದ, ಕರೆಂಟ್ ಹೋದ ಬೇಸಿಗೆಯ ಮಧ್ಯಾಹ್ನ ಮೊಬೈಲಿನ ದುರ್ಬಲ ಸಿಗ್ನಲ್‌ನಲ್ಲಿಯೂ ಅವು ತೆರೆದುಕೊಳ್ಳುತ್ತವೆ; ನಮ್ಮ ವಿದ್ಯಾರ್ಥಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಮೊದಲ ದಿನ ಕಾರ್ಬನ್ ಮೊನಾಕ್ಸೈಡ್‌ನಿಂದ ಆರಂಭಿಸುತ್ತೇನೆ. ಅಣು ತಿರುಗುವುದರಿಂದ ಮೂಡುವ ರೇಖೆಗಳ, ಅಂದರೆ ಭ್ರಮಣ ರೋಹಿತದ, ಪಾಠದಲ್ಲಿ ಅದರ ಮೊದಲ ರೇಖೆ 2B (B ಎಂದರೆ ಅಣುವಿನ ಭ್ರಮಣ ಸ್ಥಿರಾಂಕ), ಅಂದರೆ ಪ್ರತಿ ಸೆಂಟಿಮೀಟರಿಗೆ 3.84 ಎಂದು ಮಕ್ಕಳು ಲೆಕ್ಕ ಹಾಕಿರುತ್ತಾರೆ. ಪಟ್ಟಿಯಲ್ಲಿ ಅದೇ ರೇಖೆ ಆವರ್ತನದ ರೂಪದಲ್ಲಿ 115271.2018 ಮೆಗಾಹರ್ಟ್ಸ್ ಎಂದು, ಪಕ್ಕದಲ್ಲಿಯೇ ಅಳತೆಯ ಅನಿಶ್ಚಿತತೆಯೊಂದಿಗೆ ಕಾಣುತ್ತದೆ. ತಾವು ಪರೀಕ್ಷೆಗೆಂದು ಕಲಿತ ಸಂಖ್ಯೆಯನ್ನೇ 1970ರಲ್ಲಿ ಆಕಾಶದಿಂದ ಹಿಡಿದಿದ್ದರು ಎಂದು ತಿಳಿದಾಗ ತರಗತಿಯಲ್ಲಿ ಮೂಡುವ ಮೌನ ನನಗೆ ಬಹಳ ಪ್ರಿಯವಾದುದು.

ಪಟ್ಟಿಯ ನಿಜವಾದ ಬೆಲೆ ತಿಳಿಯುವುದು ದೊಡ್ಡ ಅಣುಗಳಲ್ಲಿ. ಗ್ಲೈಕಾಲಾಲ್ಡಿಹೈಡ್, ಮೀಥೈಲ್ ಫಾರ್ಮೇಟ್ ಮತ್ತು ಅಸಿಟಿಕ್ ಆಮ್ಲ ಈ ಮೂರಕ್ಕೂ ಅಣುಸೂತ್ರ ಒಂದೇ, ತೂಕವೂ ಒಂದೇ. ಆದರೆ ಆಕಾರ ಬೇರೆಯಾದ್ದರಿಂದ ಅವು ತಿರುಗುವ ರೀತಿ ಬೇರೆ, ರೇಖೆಗಳೂ ಬೇರೆ. ಸುಮಾರು 450 ಜ್ಯೋತಿರ್ವರ್ಷ ದೂರದ ಐರಾಸ್ 16293-2422 ಎಂಬ ಎಳೆಯ ನಕ್ಷತ್ರವ್ಯವಸ್ಥೆಯ ಅನಿಲದಲ್ಲಿ ಗ್ಲೈಕಾಲಾಲ್ಡಿಹೈಡ್ ಇದೆಯೆಂದು ಚಿಲಿಯ ಆಲ್ಮಾ ದೂರದರ್ಶಕ ಸಮೂಹದಿಂದ 2012ರಲ್ಲಿ ಖಚಿತವಾಗಿ ಹೇಳಲು ಸಾಧ್ಯವಾದದ್ದು ಈ ವ್ಯತ್ಯಾಸದಿಂದಲೇ.

ಆದರೆ ಒಂದು ರೇಖೆ ಹೊಂದಿದ ಮಾತ್ರಕ್ಕೆ ಅಣು ಸಿಕ್ಕಂತಲ್ಲ. ಮೋಡದ ಚಲನೆಯಿಂದ, ಸೆಕೆಂಡಿಗೆ 1 ಕಿಲೋಮೀಟರ್ ವೇಗಕ್ಕೆ 345 ಗಿಗಾಹರ್ಟ್ಸ್‌ನ ರೇಖೆ ಸುಮಾರು 1.15 ಮೆಗಾಹರ್ಟ್ಸ್ ಸರಿಯುತ್ತದೆ. ಅಷ್ಟರೊಳಗೆ ಬೇರೊಂದು ಅಣುವಿನ ರೇಖೆ ಇರಬಹುದು. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಪ್ರಕಟಿತ ರೋಹಿತವೊಂದರಲ್ಲಿ ಅಸಿಟಿಕ್ ಆಮ್ಲ ಸಿಕ್ಕಿತೆಂದು ಓಡಿಬಂದಳು. ಪಟ್ಟಿಯ ಪ್ರಕಾರ ಅದಕ್ಕಿಂತ ಪ್ರಬಲವಾಗಿರಬೇಕಾದ ರೇಖೆ ಎಲ್ಲಿದೆಯೆಂದು ಕೇಳಿದೆ. ಆ ಜಾಗ ಖಾಲಿಯಿತ್ತು. ಆಗ ಗ್ಲೈಸಿನ್‌ನ ಸಂಗತಿ ಹೇಳಿದೆ: ಈ ಅಮೈನೋ ಆಮ್ಲ ಧನು ರಾಶಿಯ ಬಿ2 ಮೋಡವೂ ಸೇರಿದಂತೆ ಮೂರು ಕಡೆ ಸಿಕ್ಕಿದೆಯೆಂದು 2003ರಲ್ಲಿ ಪ್ರಕಟವಾಯಿತು, ಇರಲೇಬೇಕಾದ ಮುಖ್ಯ ರೇಖೆಗಳು ಕಾಣುತ್ತಿಲ್ಲವೆಂದು 2005ರಲ್ಲಿ ಇನ್ನೊಂದು ತಂಡ ಅದನ್ನು ಅಲ್ಲಗಳೆಯಿತು.

ಕೊರತೆಗಳೂ ಇವೆ. ರೇಖೆಗಳ ತೀವ್ರತೆಯನ್ನು 300 ಕೆಲ್ವಿನ್ ಉಷ್ಣತೆಗೆ, ಲಾಗರಿದಮ್ ರೂಪದಲ್ಲಿ ಕೊಟ್ಟಿರುತ್ತಾರೆ. 100 ಕೆಲ್ವಿನ್‌ನ ಮೋಡಕ್ಕೆ ಅದನ್ನು ಹೊಂದಿಸುವ ಲೆಕ್ಕವನ್ನು ಶಿಕ್ಷಕರು ಮೊದಲೇ ಮಾಡಿ ತೋರಿಸದಿದ್ದರೆ ಮಕ್ಕಳು ದಾರಿ ತಪ್ಪುತ್ತಾರೆ. ಅಂಕಣಗಳು ಒತ್ತೊತ್ತಾಗಿದ್ದು ಶೀರ್ಷಿಕೆಯಿಲ್ಲದೆ ಬರುವುದರಿಂದ, ಯಾವ ಅಂಕಣ ಏನೆಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಹಂಚಿದ್ದೇನೆ. ಆ ಹಾಳೆ ಕೈಯಲ್ಲಿದ್ದರೆ, ಭ್ರಮಣ ರೋಹಿತದ ಪಾಠ ಮುಗಿಸಿದ ಯಾವ ವಿದ್ಯಾರ್ಥಿಯೂ ಇದನ್ನು ಬಳಸಬಲ್ಲ. ಈ ವರ್ಷ ಆ ವಿದ್ಯಾರ್ಥಿನಿಯೇ ಕಿರಿಯರಿಗೆ ಹಾಳೆಯನ್ನು ವಿವರಿಸಿದಳು. ಇಲ್ಲದ ರೇಖೆಯನ್ನೇ ಮೊದಲು ಹುಡುಕಿರೆಂದು ಅವರಿಗೆ ಹೇಳುತ್ತಿದ್ದಳು.