ಒಂದೇ ಅಚ್ಚೋ, ಎರಡು ಮೋಟಾರೋ: ಕುಳಿತು ಓಡಿಸುವ ಹುಟ್ಟುಚಕ್ರದ ದೋಣಿಗೆ ಯಾವುದು ವಾಸಿ

ಹುಟ್ಟುಚಕ್ರದ ದೋಣಿ ಎಂದರೆ ಹಲಗೆ ಜೋಡಿಸಿದ ಚಕ್ರಗಳು (ಪ್ಯಾಡಲ್ ವೀಲ್) ನೀರನ್ನು ತಳ್ಳಿ ಓಡಿಸುವ ದೋಣಿ. ನನ್ನದು ಅಂಥ ಹಳೆಯ ಉಗಿದೋಣಿಯೊಂದರ, ಒಳಗೆ ಕುಳಿತು ಓಡಿಸುವಷ್ಟು ದೊಡ್ಡ ಮಾದರಿ. ಮೊದಲೇ ಹೇಳಿಬಿಡುತ್ತೇನೆ: ಎರಡು ಮೋಟಾರೇ ವಾಸಿ. ಎರಡೂ ಬದಿಯ ಚಕ್ರಗಳನ್ನು ಒಂದೇ ಅಚ್ಚಿಗೆ, ಅಂದರೆ ಎರಡನ್ನೂ ಒಟ್ಟಿಗೆ ತಿರುಗಿಸುವ ಒಂದೇ ಸರಳಿಗೆ, ಸಿಕ್ಕಿಸಿ ಒಂದು ಬೇಸಿಗೆ ಪೂರ್ತಿ ಪಾಡುಪಟ್ಟೆ. ಆಮೇಲೆ 1,150 ಡಾಲರ್ ಕೊಟ್ಟು ತಂದ ಹೊಸ ಗೇರ್ ಮೋಟಾರನ್ನು ಬಿಚ್ಚಿ ಬದಿಗಿಟ್ಟು, 400 ಡಾಲರಿಗೆ ಸಿಕ್ಕ ಹಳೆಯ ವಿದ್ಯುತ್ ಗಾಲಿಕುರ್ಚಿಯ ಎರಡು ಮೋಟಾರುಗಳನ್ನು ಕೂರಿಸಿದೆ. ಅದೇ ದೋಣಿ, ಅವೇ ಚಕ್ರಗಳು, ಅವೇ ಬ್ಯಾಟರಿಗಳು. ಬದಲಾದದ್ದು ಚಕ್ರ ತಿರುಗಿಸುವ ಬಗೆ ಒಂದೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ನೀರಿನ ಮೇಲೆ ಕಂಡದ್ದು.

ನಾನಿರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ ಹೋದರೆ ಮರ್ರೆ ನದಿಯ ದಂಡೆಯ ಮೇಲಿನ ಎಚುಕಾ ಸಿಗುತ್ತದೆ. 1866ರಲ್ಲಿ ಅದೇ ಊರಿನಲ್ಲಿ ರೆಡ್ ಗಮ್ ಮರದಿಂದ ಕಟ್ಟಿದ ಹುಟ್ಟುಚಕ್ರದ ಉಗಿದೋಣಿ ‘ಅಡಿಲೇಡ್’ ಅಲ್ಲಿ ಇನ್ನೂ ಇದೆ. 1911ರ ‘ಪೆವೆನ್ಸಿ’ ಸೌದೆ ಉರಿಸಿಕೊಂಡು ಪ್ರವಾಸಿಗರನ್ನು ಹೊತ್ತು ತಿರುಗುತ್ತದೆ. ಹೊಳೆಬಾಗಿಲಿನಲ್ಲಿ ಬಸ್ಸನ್ನೇ ಹೊತ್ತು ಶರಾವತಿ ಹಿನ್ನೀರು ದಾಟುತ್ತಿದ್ದ ಲಾಂಚನ್ನು ನೋಡುತ್ತ ಬೆಳೆದವನು ನಾನು. ನೀರಿನ ಮೇಲೆ ನಿಧಾನವಾಗಿ ಸಾಗುವ ಯಂತ್ರ ಕಂಡರೆ ಇವತ್ತಿಗೂ ಕಾಲು ಅಲ್ಲೇ ನಿಂತುಬಿಡುತ್ತದೆ. ಎಚುಕಾದ ಕಟ್ಟೆಯ ಮೇಲೆ ನಿಂತು ‘ಪೆವೆನ್ಸಿ’ಯ ಚಕ್ರದ ಹಲಗೆಗಳು ಒಂದೊಂದಾಗಿ ನೀರಿಗೆ ಬಡಿಯುವುದನ್ನು ಕೇಳಿದ ದಿನವೇ ನನಗೂ ಇಂಥದ್ದೊಂದು ಬೇಕು ಅನ್ನಿಸಿತ್ತು.

ನನ್ನದು ‘ಅಡಿಲೇಡ್’ ಅಳತೆಯ ಐದನೆಯ ಒಂದು ಪಾಲು. ಉದ್ದ 4.6 ಮೀಟರ್, ಅಗಲ ಒಂದು ಮೀಟರ್, ಪ್ಲೈವುಡ್ ಮೇಲೆ ಎಪಾಕ್ಸಿ. ಎರಡೂ ಬದಿಗೆ 80 ಸೆಂಟಿಮೀಟರ್ ವ್ಯಾಸದ ಚಕ್ರ, ಚಕ್ರಕ್ಕೆ ಹತ್ತು ಹಲಗೆ. ಹಲಗೆ ನೀರಿನೊಳಗೆ 9 ಸೆಂಟಿಮೀಟರ್ ಇಳಿದರೆ ದೋಣಿ ಚೆನ್ನಾಗಿ ಓಡುತ್ತದೆ. ಈ 9ನ್ನು ನೆನಪಿಡಿ, ಕಷ್ಟವೆಲ್ಲ ಇದರ ಸುತ್ತಲೇ ಇರುವುದು.

ಒಂದೇ ಅಚ್ಚಿನ ವ್ಯವಸ್ಥೆ ನೋಡಲು ಚೆಂದ. 25 ಮಿಲಿಮೀಟರ್ ದಪ್ಪದ, ತುಕ್ಕು ಹಿಡಿಯದ ಉಕ್ಕಿನ ಸರಳು ಈ ಬದಿಯಿಂದ ಆ ಬದಿಗೆ ಹೋಗುತ್ತದೆ. ನಡುವೆ ಚೈನು, ಕೆಳಗೆ ಮೋಟಾರು. ಹಳೆಯ ಉಗಿದೋಣಿಗಳಲ್ಲಿ ಬಹುಪಾಲು ಹೀಗೆಯೇ ಇತ್ತು. 1946ರಲ್ಲಿ ನೀರಿಗಿಳಿದು ಇಂದಿಗೂ ಸಮುದ್ರದಲ್ಲಿ ಓಡುವ ಸ್ಕಾಟ್ಲೆಂಡಿನ ‘ವೇವರ್ಲಿ’ಯ ಎರಡು ಚಕ್ರಗಳೂ ಒಂದೇ ಅಚ್ಚಿನ ಮೇಲೆ ಒಟ್ಟಿಗೆ ತಿರುಗುತ್ತವೆ. ಮೂಲಕ್ಕೆ ನಿಷ್ಠನಾಗಿರಬೇಕು ಎಂಬ ಆಸೆಯಿಂದಲೇ ನಾನೂ ಹಾಗೆ ಮಾಡಿದೆ.

ನಗಾಂಬಿ ಕೆರೆಯಲ್ಲಿ ಮೊದಲ ದಿನ ಇಪ್ಪತ್ತು ನಿಮಿಷ ಸ್ವರ್ಗ. ಆಮೇಲೆ ಎಡಗಡೆ ಇಟ್ಟಿದ್ದ ಕಾಫಿಯ ಫ್ಲಾಸ್ಕ್ ತೆಗೆದುಕೊಳ್ಳಲು ಬಾಗಿದೆ. ದೋಣಿಯ ಮೂತಿ ಬಲಕ್ಕೆ ತಿರುಗಿತು. ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ಎಳೆದರೂ ಕೇಳಲಿಲ್ಲ. ನೇರವಾಗಿ ಕುಳಿತುಕೊಳ್ಳುವ ಹೊತ್ತಿಗೆ ಜೊಂಡಿನೊಳಗೆ ನುಗ್ಗಿಯಾಗಿತ್ತು. ಬಲಚಕ್ರದ ಹಲಗೆಗಳಿಗೆ ಜೊಂಡು ಹಗ್ಗದಂತೆ ಸುತ್ತಿಕೊಂಡು, ಅದನ್ನು ಕತ್ತರಿಸಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ತೂಕ 74 ಕಿಲೊ. ಎಲ್ಲ ಸೇರಿ ದೋಣಿಯ ಭಾರ ಸುಮಾರು 330 ಕಿಲೊ. ನಾನು ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಎಡಕ್ಕೆ ಸರಿದರೂ ದೋಣಿ ಮೂರು ಡಿಗ್ರಿಯಷ್ಟು ವಾಲುತ್ತದೆ. ಮೂರು ಡಿಗ್ರಿ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಚಕ್ರ ಇರುವುದು ನಟ್ಟನಡುವಿನಿಂದ 70 ಸೆಂಟಿಮೀಟರ್ ಆಚೆ. ಅಷ್ಟು ದೂರದಲ್ಲಿ ಮೂರು ಡಿಗ್ರಿ ಎಂದರೆ ಸುಮಾರು 4 ಸೆಂಟಿಮೀಟರ್ ಏರಿಳಿತ. 9 ಸೆಂಟಿಮೀಟರ್ ಮುಳುಗಿರಬೇಕಾದ ಎಡಚಕ್ರ 13ಕ್ಕೆ ಇಳಿಯುತ್ತದೆ, ಬಲಚಕ್ರ 5ಕ್ಕೆ ಏರುತ್ತದೆ. ಎರಡೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಸುತ್ತು ಸಮವೇ ಇರುತ್ತದೆ. ಹೆಚ್ಚು ಮುಳುಗಿದ ಚಕ್ರ ಹೆಚ್ಚು ತಳ್ಳುತ್ತದೆ, ದೋಣಿ ಇನ್ನೊಂದು ಕಡೆಗೆ ಹೊರಳುತ್ತದೆ.

ನಿಜವಾದ ಉಗಿದೋಣಿಗೆ ಈ ಕಾಟ ಇಷ್ಟು ಇರುವುದಿಲ್ಲ. ಅಳತೆ ಐದನೆಯ ಒಂದು ಪಾಲಾದರೆ ಭಾರ 125ನೆಯ ಒಂದು ಪಾಲಾಗುತ್ತದೆ. ದೋಣಿ ಕುಗ್ಗುತ್ತದೆ, ಆದರೆ ಅದರಲ್ಲಿ ಕುಳಿತವನು ಕುಗ್ಗುವುದಿಲ್ಲ. ನನ್ನ 74 ಕಿಲೊವನ್ನು 125ರಿಂದ ಗುಣಿಸಿದರೆ 9,250 ಕಿಲೊ. ಒಂಬತ್ತು ಟನ್ ತೂಕದ ಮನುಷ್ಯನೊಬ್ಬ ‘ಅಡಿಲೇಡ್’ನ ಡೆಕ್ಕಿನ ಮೇಲೆ ಫ್ಲಾಸ್ಕಿಗಾಗಿ ಕೈಚಾಚಿದರೆ ಏನಾಗುತ್ತದೋ ನನಗೆ ಆಗಿದ್ದು ಅದೇ. ಹಿಂದಿನ ಕಾಲದ ಉಗಿದೋಣಿಗಳವರಿಗೂ ವಾಲುವಿಕೆಯ ಚಿಂತೆ ಇತ್ತು. ಭಾರವಾದ ಸರಪಳಿ ತುಂಬಿದ ಗಾಲಿಪೆಟ್ಟಿಗೆಗಳನ್ನು ಡೆಕ್ಕಿನ ಮೇಲೆ ಆಚೀಚೆ ತಳ್ಳಿ ದೋಣಿಯನ್ನು ಸಮಮಾಡುತ್ತಿದ್ದರು. ಅದನ್ನು ಓದಿ ನಾನೂ ಒಂದು ಬ್ಯಾಟರಿಯನ್ನು ಅಡ್ಡ ಹಳಿಯ ಮೇಲೆ ಕೂರಿಸಿದೆ. ಕುಳಿತಾಗಿನ ಸಣ್ಣ ಓರೆಯನ್ನು ಅದು ಸರಿಮಾಡುತ್ತದೆ. ಬಾಗಿದಾಗಿನದನ್ನು ಮಾಡುವುದಿಲ್ಲ, ಅಷ್ಟು ಬೇಗ ಬ್ಯಾಟರಿ ತಳ್ಳಲು ಯಾರಿಂದಲೂ ಆಗದು.

ಚುಕ್ಕಾಣಿ ಯಾಕೆ ಕೇಳಲಿಲ್ಲ ಎಂಬುದಕ್ಕೂ ಕಾರಣವಿದೆ. ತಿರುಪು ಪ್ರೊಪೆಲ್ಲರ್ ಇರುವ ದೋಣಿಯಲ್ಲಿ ತಳ್ಳಿದ ನೀರು ನೇರವಾಗಿ ಚುಕ್ಕಾಣಿಗೇ ಬಡಿಯುತ್ತದೆ. ಪಕ್ಕದ ಚಕ್ರಗಳ ನೀರು ಒಡಲಿನ ಬದಿ ಹಿಡಿದು ಹರಿದುಹೋಗುತ್ತದೆ, ನಡುಹಿಂದೆ ಇರುವ ಚುಕ್ಕಾಣಿಗೆ ಸಿಗುವುದು ದೋಣಿಯ ಓಟದಿಂದ ಬರುವ ನೀರು ಮಾತ್ರ. ಓಟ ಕಡಿಮೆಯಾದರೆ ಅದೊಂದು ತೂಗುಹಲಗೆ, ಅಷ್ಟೇ. ಕಟ್ಟೆಗೆ ಹತ್ತಿರವಾಗುವಾಗ, ಅಂದರೆ ಹಿಡಿತ ನಿಜವಾಗಿ ಬೇಕಾದ ಹೊತ್ತಿನಲ್ಲಿಯೇ, ಒಂದೇ ಅಚ್ಚಿನ ದೋಣಿ ಗಾಳಿ ಹೇಳಿದಂತೆ ಕೇಳುತ್ತದೆ.

ಇನ್ನೊಂದು ಸಂಗತಿ, ಇದನ್ನು ನಕ್ಷೆಗಳು ತೋರಿಸುವುದಿಲ್ಲ. ಅಚ್ಚು ಹಾಯುವುದು ನೀರಿನ ಮಟ್ಟದಿಂದ 31 ಸೆಂಟಿಮೀಟರ್ ಮೇಲೆ, ದೋಣಿಯ ನಡುಮಧ್ಯದಲ್ಲಿ. ಕುಳಿತವನ ಮೊಣಕಾಲು ಇರಬೇಕಾದ ಜಾಗವೂ ಅದೇ. ನಾನು ಅಚ್ಚಿನ ಹಿಂದೆ ಕಾಲು ಮಡಚಿಕೊಂಡು ಕೂರುತ್ತಿದ್ದೆ. ಒಂದು ಗಂಟೆಯಾದ ಮೇಲೆ ಎದ್ದರೆ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಜೊತೆಗೆ ತಿರುಗುವ ಸರಳು, ಚೈನು. ಮಗಳನ್ನು ಅದರ ಹತ್ತಿರ ಕೂರಿಸಲು ಮನಸ್ಸೇ ಬರಲಿಲ್ಲ.

ಎರಡು ಮೋಟಾರಿನ ಉಪಾಯ ನನ್ನದಲ್ಲ. ಬ್ರಿಟನ್ನಿನ ನೌಕಾಪಡೆ 1950ರ ದಶಕದ ಕೊನೆಯಲ್ಲಿ ‘ಡೈರೆಕ್ಟರ್’ ವರ್ಗದ ಏಳು ಹುಟ್ಟುಚಕ್ರದ ಟಗ್‌ಗಳನ್ನು ಕಟ್ಟಿಸಿತು. ಡೀಸೆಲ್‌ನಿಂದ ವಿದ್ಯುತ್, ಆ ವಿದ್ಯುತ್ತಿನಿಂದ ಎಡಚಕ್ರ ಬೇರೆ, ಬಲಚಕ್ರ ಬೇರೆ. ವಿಮಾನವಾಹಕ ಹಡಗುಗಳ ಪಕ್ಕಕ್ಕೆ ಅಂಟಿಕೊಂಡು ಅವನ್ನು ಇಕ್ಕಟ್ಟಿನಲ್ಲಿ ತಿರುಗಿಸುವುದು ಅವುಗಳ ಕೆಲಸ. ಅಷ್ಟು ಈಚೆಗೆ, ಅಷ್ಟು ಗಂಭೀರ ಕೆಲಸಕ್ಕೆ ಹುಟ್ಟುಚಕ್ರವನ್ನು ಆರಿಸಿದ್ದೇ ಈ ಸ್ವತಂತ್ರ ತಿರುಗುವಿಕೆಗಾಗಿ. ಇದನ್ನು ತಿಳಿದ ಮೇಲೆ ಮೂಲಕ್ಕೆ ಮೋಸಮಾಡುತ್ತಿದ್ದೇನೆ ಎಂಬ ಅಳುಕು ಹೋಯಿತು.

ಗಾಲಿಕುರ್ಚಿ ಎಂದರೆ ಎರಡು ಮೋಟಾರು, ಎರಡು ಗೇರುಪೆಟ್ಟಿಗೆ, 24 ವೋಲ್ಟ್, ಒಂದು ಜಾಯ್‌ಸ್ಟಿಕ್. ಎಡಗಾಲಿ ಬಲಗಾಲಿಗಳನ್ನು ಬೇರೆಬೇರೆಯಾಗಿ ಓಡಿಸಿ ತಿರುಗುವುದೇ ಅದರ ಹುಟ್ಟುಗುಣ. ಗಾಲಿಯ ಜಾಗಕ್ಕೆ ಹುಟ್ಟುಚಕ್ರ ಬಂತು. ನೇರವಾಗಿ ಜೋಡಿಸಲು ಮಾತ್ರ ಹೋಗಬೇಡಿ. ನನ್ನ ಮೋಟಾರುಗಳ ವೇಗ ನಿಮಿಷಕ್ಕೆ 120 ಸುತ್ತು. ಅಷ್ಟು ವೇಗದಲ್ಲಿ 80 ಸೆಂಟಿಮೀಟರ್ ಚಕ್ರದ ಅಂಚು ಸೆಕೆಂಡಿಗೆ 5 ಮೀಟರ್ ಓಡುತ್ತದೆ. ದೋಣಿ ಓಡುವುದು 1.25 ಮೀಟರ್. ಉಳಿದದ್ದೆಲ್ಲ ನೊರೆ. 15 ಹಲ್ಲಿನ ಚೈನ್ ಚಕ್ರದಿಂದ 40 ಹಲ್ಲಿನದಕ್ಕೆ ಇಳಿಸಿದ ಮೇಲೆ 45 ಸುತ್ತಿಗೆ ಬಂತು, ಬಡಿತವೂ ‘ಪೆವೆನ್ಸಿ’ಯ ಹಾಗೆ ಕೇಳತೊಡಗಿತು.

ದೋಷಗಳೂ ಇವೆ. ಎರಡು ಮೋಟಾರುಗಳು ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ನನ್ನದು ಸದಾ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಕುರ್ಚಿಯ ಜೊತೆ ಬಂದ ನಿಯಂತ್ರಕದಲ್ಲಿ ಅದನ್ನು ತಿದ್ದಲು ಮಾರಾಟಗಾರರ ಉಪಕರಣವೇ ಬೇಕಾಗಿತ್ತು, ಆದ್ದರಿಂದ 190 ಡಾಲರ್ ಕೊಟ್ಟು ಬೇರೆಯದನ್ನು ಹಾಕಿದೆ. ಇನ್ನೊಂದು, ಈ ಮೋಟಾರುಗಳಲ್ಲಿ ಅಡಕವಾಗಿರುವ ಬ್ರೇಕು. ವಿದ್ಯುತ್ ನಿಂತ ಕೂಡಲೇ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಕಟ್ಟೆಗೆ ಬರುವಾಗ ಅದು ವರ, ಬ್ಯಾಟರಿ ಮುಗಿದು ಯಾರಾದರೂ ಎಳೆದುಕೊಂಡು ಹೋಗಬೇಕಾದರೆ ಶಾಪ. ಬ್ರೇಕು ಬಿಡಿಸುವ ಸನ್ನೆಕೋಲು ಎರಡೂ ಮೋಟಾರಿಗೆ ಇರುತ್ತದೆ, ಅದು ಕುಳಿತಲ್ಲಿಂದಲೇ ಕೈಗೆ ಸಿಗುವ ಹಾಗೆ ಮೋಟಾರು ಕೂರಿಸಿ.

ವಾಲುವ ಗುಣ ಹೋಗಿಲ್ಲ, ಅದು ಒಡಲಿನ ಗುಣ. ಆದರೆ ಈಗ ಎಡಚಕ್ರ ಇಳಿದರೆ ಹೆಬ್ಬೆರಳಿನಲ್ಲಿ ಜಾಯ್‌ಸ್ಟಿಕ್ಕನ್ನು ಒಂದು ಕಾಳಿನಷ್ಟು ಎಡಕ್ಕೆ ತಳ್ಳಿದರೆ ಸಾಕು. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮಾಡಿದರೆ ದೋಣಿ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಚುಕ್ಕಾಣಿಯನ್ನು ಈಗ ಮುಟ್ಟುವುದೇ ಅಪರೂಪ.

ವಿದ್ಯುತ್ ಬಳಕೆಯಲ್ಲಿ ಹೇಳುವಷ್ಟು ವ್ಯತ್ಯಾಸವಿಲ್ಲ. ಸದ್ದಿನಲ್ಲಿ ಒಂದೇ ಅಚ್ಚು ಸ್ವಲ್ಪ ಮೇಲು, ಎರಡೂ ಬದಿಯ ಬಡಿತ ತಾಳ ತಪ್ಪುವುದಿಲ್ಲ.

ನೀರಿಗೆ ನೆಟ್ಟಗೆ ಇಳಿಯುವ ಹಾಗೆ ಹಲಗೆಗಳು ತಾವೇ ಮಗ್ಗುಲು ಬದಲಿಸುವ ಚಕ್ರದ ಬಗ್ಗೆ ಬಹಳ ಜನ ಕೇಳುತ್ತಾರೆ. ‘ವೇವರ್ಲಿ’ಯಲ್ಲಿ ಇರುವುದು ಅದೇ. ನಾನು ಒಂದು ಚಕ್ರಕ್ಕೆ ಮಾಡಿ ನೋಡಿ ಬಿಟ್ಟೆ. ಹಲಗೆಗೊಂದು ಕೀಲು, ಕೀಲಿಗೊಂದು ಸಲಾಕೆ, ಮರಳುನೀರಿನಲ್ಲಿ ಎಲ್ಲವೂ ಸವೆಯುತ್ತವೆ. ಚಕ್ರ ದೊಡ್ಡದಾಗಿ, ಮುಳುಗು ಕಡಿಮೆ ಇದ್ದರೆ ಬಿಗಿದ ಹಲಗೆಯೇ ಸಾಕು. ಹಿಂಬದಿಯಲ್ಲಿ ಒಂದೇ ಚಕ್ರವಿರುವ ಸ್ನೇಹಿತರೊಬ್ಬರ ದೋಣಿಯನ್ನೂ ಒಂದು ಮಧ್ಯಾಹ್ನ ಓಡಿಸಿದ್ದೇನೆ. ವಾಲಿದರೆ ಅದಕ್ಕೆ ಏನೂ ಆಗುವುದಿಲ್ಲ, ಇಕ್ಕಟ್ಟಾದ ಕಾಲುವೆ ಇರುವವರಿಗೆ ಅದು ಒಳ್ಳೆಯದು. ಆದರೆ ಭಾರವೆಲ್ಲ ಹಿಂದೆ ಬಿದ್ದು ಮೂತಿ ಮೇಲೇಳುತ್ತದೆ. ಮರ್ರೆಯ ದೋಣಿಗಳ ರೂಪವೂ ಅದಲ್ಲ.

ಉಗಿ? ಮನಸ್ಸು ಅಲ್ಲೇ ಇದೆ. ಆದರೆ ಬಾಯ್ಲರಿಗೆ ಇಲ್ಲಿ ಪ್ರತ್ಯೇಕ ನಿಯಮಾವಳಿ ಇದೆ, ಪರೀಕ್ಷಕರಿಂದ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಬೆಂಕಿ ಹಾಕಿ ಉಗಿ ಏರುವವರೆಗೆ ಕಾಯಬೇಕು. ನನಗೆ ಸಿಗುವುದು ಭಾನುವಾರದ ನಾಲ್ಕು ಗಂಟೆ. ಅಂದ ಹಾಗೆ, ಬ್ಯಾಟರಿಯದು ಎಂದು ಉದಾಸೀನ ಬೇಡ: ವಿಕ್ಟೋರಿಯಾದಲ್ಲಿ ಮೋಟಾರು ಇರುವ ದೋಣಿಗೆ ನೋಂದಣಿ ಬೇಕು, ಓಡಿಸುವವರಿಗೆ ಪರವಾನಗಿ ಬೇಕು.

ನನ್ನ ಹಾಗೆ ಟ್ರೇಲರಿನಲ್ಲಿ ತಂದು, ಒಬ್ಬನೇ ಇಳಿಸಿ, ಮಗಳನ್ನು ಕೂರಿಸಿಕೊಂಡು, ಊಟದ ಹೊತ್ತಿಗೆ ಕಟ್ಟೆಗೆ ಮರಳಬೇಕಾದವರು ಎರಡು ಮೋಟಾರು ಹಾಕಿ. ಮಗಳ ತೂಕ 36 ಕಿಲೊ, ಅವಳು ಹತ್ತಿದರೆ ದೋಣಿ ಸರಿಯಾಗಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ಅಷ್ಟನ್ನು ಚಕ್ರ ಸಹಿಸುತ್ತದೆ. ಇನ್ನೊಬ್ಬ ದೊಡ್ಡವರು ಹತ್ತಿದರೆ ಸಹಿಸುವುದಿಲ್ಲ, ಬೇರಿಂಗುಗಳನ್ನು ಮೇಲಕ್ಕೆ ಕೆಳಕ್ಕೆ ಸರಿಸುವಂತೆ ಮೊದಲೇ ಉದ್ದನೆಯ ತೂತು ಕೊರೆದಿಡಿ. ಮುಂದೆ ಉಗಿ ಯಂತ್ರ ಇಡುವ ಹಟ ಇರುವವರಿಗೆ ಒಂದೇ ಅಚ್ಚು ಅನಿವಾರ್ಯವಾದೀತು, ಅವರು ದೋಣಿಯನ್ನೇ ಅಗಲ ಮಾಡಲಿ.

ಆ 1.8 ಮೀಟರ್ ಸರಳನ್ನು ನಾನು ಎಸೆಯಲಿಲ್ಲ. ಎರಡೂ ತುದಿಯಿಂದ 65 ಸೆಂಟಿಮೀಟರ್ ಕತ್ತರಿಸಿದೆ, ಎರಡು ಚಕ್ರಗಳಿಗೆ ಎರಡು ಗಿಡ್ಡ ಅಚ್ಚುಗಳಾದವು. ನಡುವಿನಿಂದ ತೆಗೆದ ಅರ್ಧ ಮೀಟರ್ ಜಾಗದಲ್ಲಿ ಈಗ ನನ್ನ ಮೊಣಕಾಲುಗಳಿವೆ, ಅವುಗಳ ನಡುವೆ ಫ್ಲಾಸ್ಕ್ ಇದೆ.