ಚಿಕ್ಕ ಮಕ್ಕಳ ಜೊತೆ ಪ್ಯಾರಿಸ್‌ಗೆ ಹೊರಟಿದ್ದೀರಾ? ವರ್ಸೇಲ್ಸ್ ಟಿಕೆಟ್ ತೆಗೆಯುವ ಮುಂಚೆ ಇದನ್ನು ಓದಿ

ಮೇ ತಿಂಗಳಲ್ಲಿ ನಾವು ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿದ್ದೆವು. ಮಗಳಿಗೆ ಮೂರು ವರ್ಷ, ಮಗನಿಗೆ ಒಂದೂಕಾಲು. ಊರಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ನಮ್ಮ ಪ್ಲಾನ್ ಮಾತ್ರ ಪೂರ್ತಿ ತಪ್ಪಾಗಿತ್ತು. ಮಕ್ಕಳು ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಾಡಿಗೆ ಮನೆ ಐದನೇ ಮಹಡಿ. ಲಿಫ್ಟ್ ಇದೆ ಅಂತ ಬರೆದಿದ್ದರು, ಇತ್ತು ಕೂಡ. ಆದರೆ ಒಬ್ಬರು ನಿಂತರೆ ಮಡಿಚಿದ ಸ್ಟ್ರಾಲರ್‌ಗೂ ಜಾಗವಿಲ್ಲ. ಅದನ್ನು ಹತ್ತಬೇಕಾದರೂ ಮೊದಲು ಎಂಟು ಮೆಟ್ಟಿಲು ಏರಬೇಕು. ಹಳೇ ಕಟ್ಟಡದಲ್ಲಿ ಮನೆ ಹಿಡಿಯುತ್ತಿದ್ದರೆ ಲಿಫ್ಟಿನ ಫೋಟೋ ತರಿಸಿಕೊಂಡೇ ದುಡ್ಡು ಕಟ್ಟಿ.

ಪ್ಯಾರಿಸ್ ಪಕ್ಕದ ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ. ಅದು ಗೊತ್ತಿದ್ದೇ ಮಂಗಳವಾರ ಹೊರಟೆವು. ಮಂಗಳವಾರ ಲೂವ್ರ್ ಮ್ಯೂಸಿಯಂ ಮುಚ್ಚಿರುತ್ತದೆ, ಅಲ್ಲಿಗೆ ಹೋಗಬೇಕಾದವರೂ ಇಲ್ಲಿಗೇ ಬರುತ್ತಾರೆ ಅನ್ನುವುದು ತಲೆಗೇ ಹೊಳೆದಿರಲಿಲ್ಲ. ಒಳಗೆ ಹೋಗುವ ಟಿಕೆಟ್ ಹನ್ನೊಂದೂವರೆಗೆ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಹನ್ನೊಂದೂವರೆ ಆದಾಗ ಬೆಂಗಳೂರಲ್ಲಿ ಮೂರು, ನನ್ನ ಮಗ ಗಾಢ ನಿದ್ದೆಯಲ್ಲಿರುವ ಹೊತ್ತು. ಪ್ಯಾರಿಸ್‌ಗೆ ಬಂದು ಇನ್ನೂ ಎರಡನೇ ದಿನ. ಇಷ್ಟು ಸಣ್ಣ ಲೆಕ್ಕವನ್ನೂ ನಾವು ಹಾಕಿರಲಿಲ್ಲ.

ಬೆಳಿಗ್ಗೆ ಮೆಟ್ರೋದಲ್ಲೇ ಅರ್ಧ ಶಕ್ತಿ ಹೋಯಿತು. ನಮ್ಮ ಮೆಟ್ರೋದಲ್ಲಿ ಎಲ್ಲಿ ಹೋದರೂ ಲಿಫ್ಟ್ ನೋಡಿ ಅಭ್ಯಾಸ, ಅಲ್ವಾ? ಪ್ಯಾರಿಸ್ ಮೆಟ್ರೋ 1900ರಲ್ಲಿ ಶುರುವಾದದ್ದು. ಎಲ್ಲ ನಿಲ್ದಾಣಕ್ಕೂ ಲಿಫ್ಟ್ ಇರುವುದು 14ನೇ ಲೈನಿಗೆ ಮಾತ್ರ. ಬೇರೆ ಕಡೆ ಮೆಟ್ಟಿಲು, ಉದ್ದದ ಸುರಂಗ, ಮತ್ತೆ ಮೆಟ್ಟಿಲು. ಗಂಡ ಸ್ಟ್ರಾಲರ್ ಎತ್ತಿಕೊಂಡರು, ನಾನು ಮಗನನ್ನು. ಮಗಳು ನನ್ನ ಚೂಡಿದಾರದ ತುದಿ ಹಿಡಿದುಕೊಂಡು ಹತ್ತುತ್ತಿದ್ದಳು. ಬಸ್ಸಿನಲ್ಲಿ ಸ್ಟ್ರಾಲರ್ ಹಾಗೇ ಒಯ್ಯಬಹುದು, ಮಧ್ಯದ ಬಾಗಿಲಿನಿಂದ ಹತ್ತಿದರಾಯಿತು. ಇದು ನಮಗೆ ತಿಳಿದದ್ದು ನಾಲ್ಕನೇ ದಿನ.

ಆಮೇಲೆ ಪ್ಯಾರಿಸ್‌ನಿಂದ ಸುತ್ತಲಿನ ಊರುಗಳಿಗೆ ಹೋಗುವ ಆರ್‌ಇಆರ್ ಸಿ ರೈಲು. ಈ ಲೈನ್ ಮುಂದೆ ಕವಲೊಡೆಯುತ್ತದೆ. ಅರಮನೆಯ ಹತ್ತಿರದ ನಿಲ್ದಾಣ ವರ್ಸೇಲ್ಸ್ ಶಾತೋ ರೀವ್ ಗೋಶ್. ಬೋರ್ಡಿನಲ್ಲಿ ವರ್ಸೇಲ್ಸ್ ಅಂತ ಕಂಡದ್ದೇ ಹತ್ತಿದೆವು, ಇಳಿದದ್ದು ವರ್ಸೇಲ್ಸ್ ಶಾಂತಿಯೇ. ಅಲ್ಲಿಂದ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ರೈಲು ಹತ್ತುವ ಮುಂಚೆ ನಿಲ್ದಾಣದ ಪೂರ್ತಿ ಹೆಸರು ನೋಡಿ.

ಒಳಗೆ ಕನ್ನಡಿ ಹಾಲ್ 73 ಮೀಟರ್ ಉದ್ದ, 357 ಕನ್ನಡಿಗಳು. ನನಗೆ ಕಂಡದ್ದು ಜನರ ಬೆನ್ನು. ಮಗ ಹೆಗಲ ಮೇಲೆ ಕಿರುಚುತ್ತಿದ್ದ. ಆಗಲೇ ಮಗಳು "ಅಮ್ಮಾ, ಸುಸ್ಸು" ಅಂದಳು. ಡೈಪರ್ ಬಿಟ್ಟು ಎರಡೇ ತಿಂಗಳಾಗಿತ್ತು. ಅಲ್ಲಿ ಜನ ಸಾಗುವುದು ಒಂದೇ ದಿಕ್ಕಿಗೆ, ವಾಪಸ್ ಬರಲು ದಾರಿಯಿಲ್ಲ. ಅವಳು ನನ್ನ ಕೈ ಹಿಸುಕಿ ಹಿಡಿದು, ಕಾಲು ಜೋಡಿಸಿಕೊಂಡು, ಒಂದೊಂದೇ ಕೋಣೆ ದಾಟಿದಳು. ಕೊನೆಗೆ ತಡೆಯಲಾಗದೆ ಬಟ್ಟೆ ಒದ್ದೆಯಾಯಿತು. "ಸಾರಿ ಅಮ್ಮ" ಅಂದಳು. ಅವಳದ್ದೇನು ತಪ್ಪು? ಬದಲಿ ಬಟ್ಟೆ ಕೆಳಗೆ ಇಟ್ಟು ಬಂದ ಬ್ಯಾಗಿನಲ್ಲಿತ್ತು. ಅರಮನೆ ನೋಡಲೇಬೇಕಾದರೆ ನಿಮ್ಮಲ್ಲಿ ಒಬ್ಬರು ಹೋಗಿ ಬನ್ನಿ. ಇನ್ನೊಬ್ಬರು ಮಕ್ಕಳನ್ನು ಉದ್ಯಾನದಲ್ಲಿ ಓಡಾಡಲು ಬಿಡಿ. ಕಾರಂಜಿ, ಸಂಗೀತ ಇರುವ ದಿನ ಉದ್ಯಾನಕ್ಕೂ ಬೇರೆ ಟಿಕೆಟ್ ಬೇಕು.

ಐದೂವರೆಗೆ ಪ್ಯಾರಿಸ್ ಮುಟ್ಟಿದೆವು. ಮಕ್ಕಳ ಹೊಟ್ಟೆಗೆ ಆಗ ರಾತ್ರಿ ಒಂಬತ್ತು. ಹೋಟೆಲುಗಳ ಅಡುಗೆಮನೆ ಮುಚ್ಚಿತ್ತು. ಅಲ್ಲಿ ಮಧ್ಯಾಹ್ನದ ಊಟ ಮುಗಿದರೆ ಮತ್ತೆ ಶುರುವಾಗುವುದು ಹೆಚ್ಚಾಗಿ ಏಳರ ನಂತರ. 'ಸರ್ವಿಸ್ ಕೊಂತಿನ್ಯು' ಅಂತ ಬರೆದಿರುವ ಕಡೆ ಇಡೀ ದಿನ ಊಟ ಸಿಗುತ್ತದೆ. ಆದರೂ ಮನೆಯಲ್ಲಿ ಅಕ್ಕಿ, ಮೊಸರು ಇಟ್ಟಿರಿ. ಆ ರಾತ್ರಿ ಮೊಸರನ್ನ ಇದ್ದಿದ್ದರೆ ಇಬ್ಬರೂ ಅತ್ತುಅತ್ತು ಮಲಗುತ್ತಿರಲಿಲ್ಲ.

ಮರುದಿನ ಮಗನಿಗೆ ಜ್ವರ. ಹಸಿರು ಶಿಲುಬೆಯ ಬೋರ್ಡ್ ಇದ್ದ ಔಷಧಿ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರು. ಅದರ ಪಿಪೆಟ್ ಮೇಲೆ ಗುರುತು ಮಿಲಿಯಲ್ಲಿಲ್ಲ, ಮಗುವಿನ ತೂಕದ ಕಿಲೋದಲ್ಲಿದೆ. ಊರಿನಿಂದ ತಂದ ಸಿರಪ್ಪನ್ನು ಅದರಲ್ಲಿ ಅಳೆಯಲು ಹೊರಟಿದ್ದೆ, ಗಂಡ ತಡೆದರು. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮಲ್ಲಿ ಸಿಗುವ 250ರ (5 ಮಿಲಿಯಲ್ಲಿ 250 ಮಿಲಿಗ್ರಾಂ) ಸಿರಪ್‌ನಲ್ಲಿ ಔಷಧಿಯ ಪ್ರಮಾಣ ಅಲ್ಲಿನದರ ಸುಮಾರು ಎರಡು ಪಟ್ಟು. ಯಾವ ಬಾಟಲಿಗೆ ಯಾವ ಅಳತೆ ಕೊಟ್ಟಿದ್ದಾರೋ ಅದನ್ನೇ ಬಳಸಿ. ಹೊರಡುವ ಮುಂಚೆ ಮಕ್ಕಳ ತೂಕ ನೋಡಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಗುರುವಾರಕ್ಕೆ ತೆಗೆದಿದ್ದ ಬೆಲ್ಜಿಯಂನ ಬ್ರೂಜ್ ಊರಿನ ರೈಲು ಟಿಕೆಟ್ ಹಾಗೇ ಬಿಟ್ಟೆವು, ದುಡ್ಡು ವಾಪಸ್ ಬರಲಿಲ್ಲ. ಶನಿವಾರ ಬಸ್ಸಿನಲ್ಲಿ ಲಕ್ಸೆಂಬರ್ಗ್ ಉದ್ಯಾನಕ್ಕೆ ಹೋದೆವು. ಕೊಳದ ಹತ್ತಿರ ಪುಟ್ಟ ಮರದ ಹಾಯಿದೋಣಿ ಬಾಡಿಗೆಗೆ ಕೊಡುತ್ತಾರೆ, ತಳ್ಳಲು ಒಂದು ಕೋಲು. ಮಗಳು ದೋಣಿಯ ಹಿಂದೆ ಕೊಳ ಸುತ್ತುತ್ತಲೇ ಇದ್ದಳು. ಮಗ ಸ್ಟ್ರಾಲರ್‌ನಲ್ಲೇ ಎರಡು ಗಂಟೆ ನಿದ್ದೆ ಮಾಡಿದ.