ಬೆಂಗಳೂರು–ಲಂಡನ್ ವಿಮಾನ: ದೂರಕ್ಕೆ ಯಾವ ಲೆಕ್ಕ, ಸಮಯಕ್ಕೆ ಯಾವ ಲೆಕ್ಕ?

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಲಂಡನ್ನಿನ ಹೀಥ್ರೋ ನಿಲ್ದಾಣಕ್ಕೆ ಎಷ್ಟು ದೂರ? ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಗೂಗಲ್ ಮ್ಯಾಪ್ಸ್‌ನಲ್ಲಿ ಅಳೆಯಿರಿ, ದೂರ ಹೇಳುವ ಜಾಲತಾಣ ತೆರೆಯಿರಿ, ಉತ್ತರ 8,050 ಕಿ.ಮೀ. ಆಸುಪಾಸಿನಲ್ಲೇ ಬರುತ್ತದೆ. ತಕರಾರು ಇರುವುದು ಸಮಯದ್ದು.

ಎಕ್ಸೆಲ್‌ನಲ್ಲಿ ಹೇವರ್ಸೈನ್ ಸೂತ್ರ (ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ದೂರ ಕೊಡುವ ಸೂತ್ರ) ಸಾಕು. ಹಾಕಬೇಕಾದದ್ದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ: ಬೆಂಗಳೂರು 13.198, 77.706, ಹೀಥ್ರೋ 51.470, -0.462, ಜೊತೆಗೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಉತ್ತರ ಸುಮಾರು 8,047 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ಹೆಚ್ಚೆಂದರೆ ಶೇ. 0.5ರಷ್ಟು ವ್ಯತ್ಯಾಸ ಬಂದೀತು. ಡಿಗ್ರಿಗಳನ್ನು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ, ಎಕ್ಸೆಲ್ ಬಳಸುವುದು ಇದನ್ನೇ) ಬದಲಿಸಲು ಮರೆತರೆ ಉತ್ತರ ಅಸಂಬದ್ಧ. ಪಶ್ಚಿಮ ರೇಖಾಂಶದ ಮೈನಸ್ ಬಿಟ್ಟರೆ ಇನ್ನೂ ಅಪಾಯ, ಏಕೆಂದರೆ ಲಂಡನ್ ವಿಷಯದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ: ಬರೀ 60 ಕಿ.ಮೀ. ಚಿಲ್ಲರೆ ಕಡಿಮೆ ತೋರಿಸುತ್ತದೆ. ಅದೇ ತಪ್ಪಿನಲ್ಲಿ ನ್ಯೂಯಾರ್ಕ್ ಕಿರ್ಗಿಸ್ತಾನಕ್ಕೆ ಹೋಗಿ ಕೂರುತ್ತದೆ!

ಗೂಗಲ್ ಮ್ಯಾಪ್ಸ್‌ನಲ್ಲಿ ಸೂತ್ರದ ತಲೆನೋವಿಲ್ಲ. ಕಂಪ್ಯೂಟರಿನಲ್ಲಿ ಮೊದಲ ನಿಲ್ದಾಣದ ಮೇಲೆ ರೈಟ್ ಕ್ಲಿಕ್ ಮಾಡಿ, ದೂರ ಅಳೆಯುವ ಆಯ್ಕೆ ಒತ್ತಿ, ಎರಡನೇ ನಿಲ್ದಾಣದ ಮೇಲೆ ಕ್ಲಿಕ್ ಮಾಡಿದರಾಯಿತು. ಗೆರೆ ಬಾಗಿ ಕಾಣುವುದು ಸರಿಯೇ. ಗೋಳದ ಮೇಲೆ ಅದೇ ಹತ್ತಿರದ ದಾರಿ. ದೂರ ಒಂದೇ ಬೇಕಿದ್ದರೆ ನನ್ನ ಆಯ್ಕೆ ಇದು.

ದೂರದ ಜಾಲತಾಣಗಳು ಸಮಯವನ್ನೂ ಹೇಳುತ್ತವೆ. ಆದರೆ ಅಲ್ಲಿ ನಡೆಯುವುದು ಸಾಮಾನ್ಯವಾಗಿ ಬರೀ ಭಾಗಾಕಾರ: ಗಂಟೆಗೆ 900 ಕಿ.ಮೀ. ಹಿಡಿದು, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ ಒಂಬತ್ತೂವರೆ ಗಂಟೆ ಒಳಗೇ. ನಿಜದಲ್ಲಿ ಹೋಗುವಾಗ ಹತ್ತು ಗಂಟೆ ದಾಟುತ್ತದೆ. ನಕ್ಷೆಯ ಆ ಗೆರೆ ಬಲೂಚಿಸ್ತಾನ, ಇರಾನ್, ಕಪ್ಪು ಸಮುದ್ರ ದಾಟಿ ಒಡೆಸ್ಸಾ ಕಡೆಯಿಂದ ಯುರೋಪಿಗೆ ನುಗ್ಗುತ್ತದೆ. 2022ರ ಫೆಬ್ರವರಿಯಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ; 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ಬಾಗಿಲು ಹಾಕಿತು. ಹಾಗಾಗಿ ಅದೇ ಊರುಗಳ ನಡುವೆ ಏರ್ ಇಂಡಿಯಾ ಹಿಡಿಯುವ ದಾರಿ, ಬ್ರಿಟಿಷ್ ಕಂಪನಿ ಹಿಡಿಯುವ ದಾರಿ ಬೇರೆಯಾಗಬಹುದು. ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಸಮಯಕ್ಕೆ ವಿಮಾನಗಳ ಜಾಡು ಹಿಡಿಯುವ ಜಾಲತಾಣಗಳಾದ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಒಳ್ಳೆಯದು. ವಿಮಾನದ ಸಂಖ್ಯೆ ಹಾಕಿ, ಕಳೆದ ಐದಾರು ಹಾರಾಟಗಳನ್ನು ನೋಡಿ, ನಡುವಿನ ಅಂಕಿ ಹಿಡಿಯಿರಿ. ಅದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಸಮಯವೋ, ಗೇಟಿನಿಂದ ಗೇಟಿಗೋ ಎಂಬುದನ್ನು ಗಮನಿಸಿ. ಟ್ಯಾಕ್ಸಿಯಿಂಗ್‌ಗೇ (ಗೇಟಿಗೂ ರನ್‌ವೇಗೂ ನಡುವೆ ನೆಲದ ಮೇಲಿನ ಓಡಾಟಕ್ಕೇ) ಅರ್ಧ ಗಂಟೆ ಹೋಗಬಹುದು, ಹೀಥ್ರೋ ಮೇಲೆ ಸುತ್ತು ಹಾಕಿಸಿದರೆ ಇನ್ನಷ್ಟು.

ಟಿಕೆಟ್‌ನಲ್ಲಿ ಇರುವುದು ಗೇಟಿನಿಂದ ಗೇಟಿನ ಸಮಯ, ಅದೂ ಆಯಾ ಊರಿನ ಗಡಿಯಾರದಲ್ಲಿ. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲುಪಿದರೆ ಚಳಿಗಾಲದಲ್ಲಿ ಐದಲ್ಲ, ಹತ್ತೂವರೆ ಗಂಟೆ, ಏಕೆಂದರೆ ಆಗ ಲಂಡನ್ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಕೂಡಿಸಬೇಕಾದದ್ದು ಐದೂವರೆ ಅಲ್ಲ, ನಾಲ್ಕೂವರೆ.

ದುಬೈ ಮೂಲಕ ಹೋಗುವವರು ಎರಡು ತುಂಡುಗಳನ್ನೂ ಬೇರೆಬೇರೆ ಅಳೆದು ಕೂಡಿಸಿ: 2,700, 5,500, ಒಟ್ಟು ಸುಮಾರು 8,200 ಕಿ.ಮೀ. ದೂರ ಹೆಚ್ಚಾದದ್ದು ಅತ್ಯಲ್ಪ. ಸಮಯ ತಿನ್ನುವುದು ಇನ್ನೊಂದು ಇಳಿಯುವಿಕೆ, ಏರುವಿಕೆ ಮತ್ತು ನಡುವಿನ ಕಾಯುವಿಕೆ.